ಹದಿಮೂರಕ್ಕೊಗ್ಗದ ಹದಿನೇಳು

ವಿಜಯಪುರದಲ್ಲಿ ಅಚ್ಚಿನ ಕೆಲಸಕ್ಕೆ ಒಂದು ವಿಶೇಷ ಗೌರವವುಂಟು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಹುಡುಕಿ ಕೂಡಿಸಿ, ವಚನಗಳನ್ನು ಅಚ್ಚಿಗೆ ತರುವುದರಲ್ಲಿ ಬಾಳು ಸವೆಸಿದ ಊರಿದು. ಓಲೆಯನ್ನೋದಲು ಅವರಿಗೆ ಬೇಕಾದದ್ದು ದೀಪ, ಕಣ್ಣು, ಹಳೆಯ ಲಿಪಿಯ ಪರಿಚಯ, ಇವಿಷ್ಟೆ. ನೀವು ಎಷ್ಟನೆಯ ಆವೃತ್ತಿಯವರೆಂದು ಓಲೆ ಅವರನ್ನು ಕೇಳಲಿಲ್ಲ.

ಸಿದ್ಧೇಶ್ವರ ಗುಡಿಯ ಸಮೀಪದ ಓಣಿಯೊಂದರಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರನ್ನು ಮಾತ್ರ ಅವರದೇ ಬರವಣಿಗೆ ಹಾಗೆ ಕೇಳಿತು. ಲಗ್ನಪತ್ರಿಕೆಗಳ ಅಕ್ಷರಜೋಡಣೆಯಲ್ಲಿ ಆಯುಷ್ಯ ಕಳೆದ ಇವರು 2004ರಲ್ಲಿ ತಮ್ಮ ತಾಯಿಯನ್ನು ಎದುರಿಗೆ ಕೂಡಿಸಿಕೊಂಡು, ಆಕೆ ಬೀಸುವಾಗ ಹಾಡುತ್ತಿದ್ದ ಪದಗಳನ್ನೆಲ್ಲ ಪೇಜ್‌ಮೇಕರ್‌ನಲ್ಲಿ ಟೈಪು ಮಾಡಿಟ್ಟಿದ್ದರು. ಅಚ್ಚು ಹಾಕಿಸಲು ಹಣ ಕೂಡಿಬರಲಿಲ್ಲ. ಮರುವರ್ಷ ಆ ತಾಯಿಯೂ ಇಲ್ಲವಾದರು. ಆ ಹಾಡುಗಳು ಈಗ ಉಳಿದಿರುವುದು ಒಂದು ಸಿ.ಡಿ.ಯಲ್ಲಿ ಮಾತ್ರ. ಪೇಜ್‌ಮೇಕರ್‌ನ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಇಂದಿನ ವಿಂಡೋಸ್‌ನಲ್ಲಿ ಅದು ನೆಟ್ಟಗೆ ನಡೆಯದು. ಅದಕ್ಕೆ ಒಗ್ಗುತ್ತಿದ್ದ ವಿಂಡೋಸ್ ಎಕ್ಸ್‌ಪಿಯ ಪೋಷಣೆಯನ್ನು ತಯಾರಕರು 2014ರ ಏಪ್ರಿಲ್‌ನಲ್ಲಿಯೇ ನಿಲ್ಲಿಸಿದರು.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಒಂದು ಉಪಾಯ ಹೂಡಿದ. ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ವೇಷ ಕಟ್ಟಿ ಕುಳಿತ ಇನ್ನೊಂದು ಕಂಪ್ಯೂಟರ್. ಅದರಲ್ಲಿ ಎಕ್ಸ್‌ಪಿಯನ್ನು ಕೂರಿಸಿದರೆ, ತಾನು ನಿಜವಾದ ಯಂತ್ರದಲ್ಲಿಯೇ ಇರುವೆನೆಂದು ಅದು ನಂಬಿ ನಡೆಯುತ್ತದೆ. ಸಿ.ಡಿ.ಯನ್ನು ಅಂಚೆಗೆ ಒಪ್ಪಿಸಲು ತಂದೆ ಸುತರಾಂ ಒಪ್ಪಲಿಲ್ಲವಾದ್ದರಿಂದ, ಮಗ ತನ್ನ ಕೋಣೆಯ ಇಎಸ್‌ಎಕ್ಸ್‌ಐ 7.0ರ ಮೇಲೆ ಆ ಸೋಗಿನ ಯಂತ್ರವನ್ನು ಸಿದ್ಧಗೊಳಿಸಿ, ಡಿಸ್ಕಿನಲ್ಲಿ ತುಂಬಿಕೊಂಡು ಸಂಕ್ರಮಣದ ಜಾತ್ರೆಗೆ ಊರಿಗೆ ಬಂದ. ಕಾಲೇಜಿನ ದಿನಗಳಲ್ಲಿ ಅಭ್ಯಾಸಕ್ಕೆಂದು ಹೊಂದಿಸಿದ್ದ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ಇಎಸ್‌ಎಕ್ಸ್‌ಐ 6.5. ಅದು ಬಂದ ಅತಿಥಿಯನ್ನು ಹೊಸ್ತಿಲೊಳಗೆ ಬಿಡಲೇ ಇಲ್ಲ.

“ಏನಂತ ಇದರ ತಕರಾರು, ತಮ್ಮಾ?”

“ಅಪ್ಪಾ, ಬೆಂಗಳೂರಾಗ ಮಾಡಿದ್ದಕ್ಕ ಹದಿನೇಳನೇ ನಂಬರ್ ಐತಿ. ಇದಕ್ಕ ಹದಿಮೂರರ ಮಟ ಅಷ್ಟ ಗೊತ್ತು.”

“ಮಗ್ಗಿ ಪೂರಾ ಕಲಿತಿಲ್ಲ ಅನ್ನು.”

ಮಾತು ವಿನೋದದ್ದಾದರೂ ಸಂಗತಿ ನಿಜ. ಸೋಗಿನ ಯಂತ್ರದ ರಚನೆಗೂ ಒಂದು ಆವೃತ್ತಿಸಂಖ್ಯೆಯಿರುತ್ತದೆ. ಹೊಸ ಮನೆಗೆ ಹಳೆಯ ಸಂಖ್ಯೆ ಒಗ್ಗೀತು. ಹಳೆಯ ಮನೆಗೆ ಹೊಸದು ಒಗ್ಗದು. ಹಾಗಿದ್ದರೆ ಮನೆಯನ್ನೇ ಹೊಸದು ಮಾಡಬಾರದೇಕೆ? ಮಗ ಅದನ್ನೂ ಯತ್ನಿಸಿದ. ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು ನಡೆಯುತ್ತಿದ್ದದ್ದು ಲಿನಕ್ಸ್‌ನಿಂದ ಎರವಲು ತಂದ ಹಳೆಯ ಡ್ರೈವರಿನ ಬಲದಿಂದ. 2020ರಲ್ಲಿ ಬಂದ 7.0ರಲ್ಲಿ ಅಂಥ ಡ್ರೈವರುಗಳಿಗೆ ಎಡೆಯಿಲ್ಲ. ನೆಟ್‌ವರ್ಕ್ ಕಾರ್ಡೇ ಇಲ್ಲವೆಂದು ಸಾರಿ ಅದು ನಿಂತುಬಿಟ್ಟಿತು. ಹಳೆಯದನ್ನು ಅಳಿಸುವ ಮೊದಲೇ ನಿಂತದ್ದು ಪುಣ್ಯ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟಿರಲಿಲ್ಲ. ಇಂಥ ಕಡೆಯಲ್ಲಿಯೇ ಮನುಷ್ಯನಿಗೆ ರೇಗುವುದು ಹೆಚ್ಚು.

ಎರಡು ರಾತ್ರಿ ಹೀಗೆ ಕಳೆದವು. ಗುಡಿಯ ಕಡೆಯಿಂದ ವಾದ್ಯದ ಸದ್ದು ಕೇಳುತ್ತಿತ್ತು. ನಂದಿಕೋಲು ನೋಡಲು ಇಬ್ಬರೂ ಹೋಗಲಿಲ್ಲ. ಮೂರನೆಯ ದಿನ ಮಗನಿಗೆ ಸರಳವಾದ ದಾರಿ ಹೊಳೆಯಿತು. ಎಕ್ಸ್‌ಪಿ, ಪೇಜ್‌ಮೇಕರ್ ಎಲ್ಲವೂ ಇರುವುದು ಆ ಯಂತ್ರದ ಡಿಸ್ಕಿನಲ್ಲಿ. ಹದಿನೇಳೆಂಬುದು ಅದರ ಒಡಲಿನ ಲೆಕ್ಕ ಮಾತ್ರ. ಹಳೆಯ ಮನೆಯಲ್ಲಿಯೇ ಹದಿಮೂರರ ಹೊಸ ಒಡಲೊಂದನ್ನು ಕಟ್ಟಿ, ತಂದ ಡಿಸ್ಕನ್ನು ಅದಕ್ಕೆ ಜೋಡಿಸಿದ. ಎಕ್ಸ್‌ಪಿಯ ಹಸಿರು ದಿಬ್ಬ, ನೀಲಿ ಆಕಾಶ ತೆರೆಯ ಮೇಲೆ ಮೂಡಿದವು.

ಫೈಲು ತೆರೆಯಿತು. ಆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ! ಆ ಕಾಲದ ನುಡಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಿದ್ದರು; ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ. ಮಗನ ಮುಖ ಸಣ್ಣದಾಯಿತು. ತಂದೆ ಮಾತ್ರ ಎದ್ದು ಹೋಗಿ, ಟ್ರಂಕಿನ ತಳದಿಂದ ಫಾಂಟುಗಳ ಸಿ.ಡಿ.ಯನ್ನು ತಂದರು. ಆ ವಿದ್ಯೆ ಅವರದು.

ಹಾಡುಗಳನ್ನು ಪಿಡಿಎಫ್ ಮಾಡಿ, ಕಾಗದದ ಮೇಲೆಯೂ ಒಂದು ಪ್ರತಿ ತೆಗೆದರು. ತಂದೆ ಕನ್ನಡಕವೇರಿಸಿ, ಕೆಂಪು ಪೆನ್ನು ಹಿಡಿದು, ರೂಢಿಯಂತೆ ಕರಡು ತಿದ್ದಲು ಕುಳಿತರು. ಮೂರನೆಯ ಹಾಡಿನಲ್ಲಿ ‘ಹಡೆದವ್ವ’ ಎಂದಿತ್ತು. ಅವ್ವ ಹಾಗೆ ಅನ್ನುತ್ತಿರಲಿಲ್ಲವೆಂದು, ಅದನ್ನು ‘ಹಡದವ್ವ’ ಎಂದು ತಿದ್ದಿದರು.