ನಾನು ಮಾಡಿದ ಸಹಿ

 

ಈ ಸಲ ನಾನು ಗೋಡೆ ಪತ್ರಿಕೆಗೆ ಒಗಟು, ಗಾದೆ ಬರೆದಿಲ್ಲ. ನಾನೇ ಮಾಡಿದ ಒಂದು ತಪ್ಪು ಬರೆದಿದ್ದೇನೆ.

ನಮ್ಮ ಅವ್ವ ಎಸ್.ಡಿ.ಎಂ.ಸಿ. ಸದಸ್ಯೆ. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಸಭೆ ಇದ್ದಾಗ ನೋಟೀಸು ಪುಸ್ತಕ ನನ್ನ ಕೈಯಲ್ಲೇ ಮನೆಗೆ ಬರುತ್ತಿತ್ತು. ಅವ್ವನಿಗೆ ಓದು ಬರಹ ಬರುವುದಿಲ್ಲ. ಸಭೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಹೋದರೂ ಆಕೆಗೆ ಏನು ತಿಳಿದೀತು ಅಂತ ಅಂದುಕೊಂಡೆ. ಅವ್ವನ ಹೆಸರು ನಾನೇ ಬರೆದು ಪುಸ್ತಕ ತಿರುಗಿ ಕೊಟ್ಟೆ. ಹೀಗೆ ಮೂರು ಸಲ ಮಾಡಿದೆ. ಗುರುಗಳು ನನ್ನನ್ನು ನಂಬಿದ್ದರು.

ಒಂದು ದಿನ ಸಮಾಜ ವಿಜ್ಞಾನದ ಪಾಠದಲ್ಲಿ ಗುರುಗಳು ಈ ಸಮಿತಿಯ ವಿಷಯ ಹೇಳಿದರು. ನಮ್ಮ ರಾಜ್ಯದಲ್ಲಿ ಇದು 2001ರಲ್ಲಿ ಶುರುವಾಯಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರಿಂದ ಜಾರಿಯಾಯಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಆ ಕಾಯ್ದೆ ಹೇಳುತ್ತದೆ. ಶಾಲೆ ಹೇಗೆ ನಡೆದಿದೆ, ಸರಕಾರದ ದುಡ್ಡು ಹೇಗೆ ಖರ್ಚಾಗಿದೆ ಅಂತ ನೋಡುವುದು ಅವರ ಕೆಲಸ. ಬ್ಯಾಂಕಿನಿಂದ ದುಡ್ಡು ತೆಗೆಯಲು ಮುಖ್ಯ ಗುರುಗಳ ಸಹಿ ಒಂದೇ ಸಾಲದು, ಅಧ್ಯಕ್ಷರ ಸಹಿಯೂ ಬೇಕು.

"ಸಹಿ ಅಂದ್ರ ಬರೇ ಹೆಸರಲ್ಲ, ನಾನು ನೋಡೀನಿ ಅಂತ ಹೇಳೋ ಮಾತು" ಅಂದರು ಗುರುಗಳು. ನನ್ನ ಎದೆ ಧಸಕ್ಕೆಂದಿತು.

ರಾತ್ರಿ ಅವ್ವ ರೊಟ್ಟಿ ಬಡಿಯುವಾಗ ಎಲ್ಲಾ ಹೇಳಿದೆ. ಆಕೆ ಹೊಡೆಯಲಿಲ್ಲ. ಸುಮ್ಮನೆ ಒಂದು ರೊಟ್ಟಿ ಬಡಿದಳು. ಆಮೇಲೆ, "ಕೂಲಿ ಹೋಗ್ತದಂತ ಅಂಜಿದಿ, ಖರೆ ಅದ. ನಂಗ ತಿಳಿಯಾಂಗಿಲ್ಲ ಅಂತ ನಿಂಗ ಯಾರು ಹೇಳ್ಯಾರವ್ವ?" ಅಂದಳು. ಹೊಡೆದಿದ್ದರೇ ಚೊಲೋ ಇತ್ತು ಅನಿಸಿತು.

ಮರುದಿನ ಮುಖ್ಯ ಗುರುಗಳ ಮುಂದೆಯೂ ತಪ್ಪು ಒಪ್ಪಿಕೊಂಡೆ. ಅವರು, "ಮುಂದಿನ ಸಭೆಗೆ ಅವ್ವನ್ನ ಕರ್ಕೊಂಡು ಬಾ" ಅಂದರು.

ಅವತ್ತು ತೊಗರಿ ಕೊಯ್ಲಿನ ಕೂಲಿ ಬಿಟ್ಟು ಅವ್ವ ಬಂದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಸಹಿಗೆ ಪುಸ್ತಕ ಬಂದಾಗ ಅವ್ವ, "ಮೂರು ಸಭಾಕ್ಕ ನಾ ಬಂದಿಲ್ರಿ. ಏನೇನು ಠರಾವು ಆಗ್ಯಾದ, ಮೊದಲು ಓದಿ ಹೇಳ್ರಿ, ಆಮ್ಯಾಲ ಸಹಿ" ಅಂದಳು. ಎಲ್ಲರೂ ಆಕೆಯ ಕಡೆ ನೋಡಿದರು. ಮುಖ್ಯ ಗುರುಗಳು ಸಿಟ್ಟಾಗಲಿಲ್ಲ. ಮೂರೂ ಠರಾವು, ಖರ್ಚಿನ ಲೆಕ್ಕ ನಿಧಾನವಾಗಿ ಓದಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಅತ್ತೆ, "ನಂಗೂ ಇವತ್ತೇ ತಿಳೀತು ನೋಡ್ರಿ" ಅಂದಳು.

ಲೆಕ್ಕ ಕೇಳುವುದು ಅಂದರೆ ಜಗಳ ಅಂತ ನಾನು ತಿಳಿದಿದ್ದೆ. ಅಲ್ಲ. ಕೇಳುವವರಿದ್ದರೆ ಹೇಳುವವರಿಗೂ ಧೈರ್ಯ.

ಈಗ ದಿನಾ ರಾತ್ರಿ ನನ್ನ ಪಾಟಿ ಮೇಲೆ ಅವ್ವ ತನ್ನ ಹೆಸರು ತಿದ್ದುತ್ತಾಳೆ. ಅಕ್ಷರ ಸೊಟ್ಟ ಬರುತ್ತವೆ. ಆದರೆ ಅವು ಆಕೆಯವು.

ನಿಮ್ಮ ಮನೆಗೂ ನೋಟೀಸು ಬಂದರೆ ಓದಿ ಹೇಳಿರಿ. ನನ್ನ ಹಾಗೆ ಮಾಡಬೇಡಿರಿ. ಬರೆದುದರಲ್ಲಿ ತಪ್ಪಿದ್ದರೆ ಕ್ಷಮಿಸಬೇಕು.

ಇಂತಿ ನಿಮ್ಮ ಗೆಳತಿ,
7ನೇ ತರಗತಿ, ಇಜೇರಿ