ಅವ್ವನನ್ನು ಕೇಳದೆ ಮಾಡಿದ ಮಿಷನ್ನು

ನಮ್ಮೂರು ಗುಂಡ್ಲುಪೇಟೆ ಹತ್ತಿರ. ಜುಲೈ, ಆಗಸ್ಟಲ್ಲಿ ಊಟಿಗೋ ಕೇರಳಕ್ಕೋ ಹೋಗೋರು ಕಾರು ನಿಲ್ಲಿಸಿ ಸೆಲ್ಫಿ ತಗೊಳ್ತಾರಲ್ಲ, ಆ ಚೆಂಡು ಹೂವಿನ ಹೊಲಗಳ ಕಡೆ. ಫ್ಯಾಕ್ಟರಿಗೆ ಹೋಗುವ ಆ ಹೂವು ಹಾರಕ್ಕಲ್ಲ. ಅದರಿಂದ ತೆಗೆದ ಬಣ್ಣದ ಸಾರ ಕೋಳಿ ಮೇವಿಗೆ ಸೇರುತ್ತೆ, ಮೊಟ್ಟೆಯ ಹಳದಿ ಗಾಢವಾಗಲಿ ಅಂತ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಹೂವು ಕೀಳುವ ಮಿಷನ್ ಮಾಡೋಣ ಅಂದವನು ನಾನೇ. ಅವ್ವ ದಿನವಿಡೀ ಬಗ್ಗಿ ಹೂ ಕೀಳುವುದನ್ನು ನೋಡಿಯೇ ಬೆಳೆದವನು, ಇನ್ನು ಯಾರನ್ನ ಕೇಳಬೇಕು? ಒಂದೇ ವಾರದಲ್ಲಿ ಕ್ಯಾಡ್ ಮಾಡೆಲ್ ಶುರು. ಬಾಚಣಿಗೆ ಥರ ಹಲ್ಲು, ಒಂದು ಮೋಟರ್, ಹಿಂದೆ ಬುಟ್ಟಿ. ಎರಡು ತಿಂಗಳು ಹೋಯ್ತು, ನಾಲ್ವರ ಜೇಬಿನ ದುಡ್ಡೂ ಹೋಯ್ತು.

ಗೌರಿ ಹಬ್ಬಕ್ಕೆ ಹೋದಾಗ ಅವ್ವನಿಗೆ ಮೊಬೈಲಲ್ಲಿ ಆನಿಮೇಷನ್ ತೋರಿಸಿದೆ. ಎರಡು ಸಲ ನೋಡಿದಳು.

"ಚೆಂದಾಗದೆ ಕನ ಮಗಾ. ಒಂದೇ ಗಿಡದಲ್ಲಿ ಬಿರಿದಿರೋ ಹೂವೂ ಅದೆ, ಮೊಗ್ಗೂ ಅದೆ. ಯಾವ್ದ ಕೀಳ್ಬೇಕು ಅಂತ ಇದ್ಕೆ ಯಾರ್ ಹೇಳ್ಕೊಟ್ಟಾರು?"

ಹೂವೆಲ್ಲ ಒಟ್ಟಿಗೆ ಅರಳಲ್ಲ. ಅದೇ ಗಿಡಕ್ಕೆ ದಿನ ಬಿಟ್ಟು ಮತ್ತೆ ಮತ್ತೆ ಬಂದು ಕೀಳಬೇಕು. ನಮ್ಮ ಬಾಚಣಿಗೆ ಮುಂದಿನ ಕೊಯ್ಲನ್ನೂ ಮೊದಲ ಸಲಕ್ಕೇ ಕಿತ್ತು ಹಾಕ್ತಿತ್ತು. ಇದು ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಅದೇ ನಾಚಿಕೆ.

ಕಂಪನಿಗಳು ಈ ಎಡವಟ್ಟನ್ನು ತಪ್ಪಿಸೋಕೆ ಅಂತಲೇ ಶುರುವಿನ ಹಂತಕ್ಕೆ ಒಂದು ಚೌಕಟ್ಟು ಹಾಕಿಕೊಳ್ತವೆ. ರಾಬರ್ಟ್ ಕೂಪರ್ ಅವರ ಸ್ಟೇಜ್-ಗೇಟ್ ನಾವೂ ಓದಿದ್ವಿ, ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ವಿ. ಡೆವಲಪ್‌ಮೆಂಟ್‌ಗೆ ಕೈ ಹಾಕೋ ಮುಂಚೆ ಮೂರು ಗೇಟು. ಐಡಿಯಾ ಬಂದಾಗ ಒಂದು. ಮಾರುಕಟ್ಟೆ, ತಂತ್ರಜ್ಞಾನ ಎರಡನ್ನೂ ಮೇಲುಮೇಲೆ ನೋಡಿದ ಮೇಲೆ ಇನ್ನೊಂದು. ಬಳಸೋರು ಯಾರು, ಅವರಿಗೇನು ಬೇಕು, ಎಷ್ಟು ಖರ್ಚು ಅಂತ ವಿಚಾರಿಸಿ ಬಿಸಿನೆಸ್ ಕೇಸ್ ಬರೆದ ಮೇಲೆ ಮೂರನೆಯದು. ಕಾಗದದ ಮೇಲಿರುವಾಗಲೇ ಪ್ರಾಜೆಕ್ಟ್ ನಿಲ್ಲಿಸಿದರೆ ನಷ್ಟ ಕಮ್ಮಿ, ಅಷ್ಟೇ ಲೆಕ್ಕ. ಆದರೆ ಗೇಟು ಅಂದ್ರೆ ಫಾರಂ ತುಂಬೋದಲ್ಲ, 'ಬೇಡ' ಅನ್ನೋ ಅಧಿಕಾರ ಇರೋರು ಅಲ್ಲಿ ಕೂತಿರಬೇಕು. ನಮ್ಮ ಗೇಟಲ್ಲಿ ಇದ್ದೋರು ನಾವೇ ನಾಲ್ವರು, ಅದೂ ಕ್ಯಾಂಟೀನಲ್ಲಿ. ಯಾರು ಬೇಡ ಅಂತಾರೆ?

ಹಬ್ಬದ ಮಾರನೇ ದಿನ ನೋಟ್‌ಬುಕ್ ಹಿಡಿದು ಹೊಲಕ್ಕೆ ಹೋದೆ. ಕೀಳೋರನ್ನೆಲ್ಲ ಕೇಳಿದೆ. "ಕೀಳದು ಬುಡು, ಟೆಂಪೋ ತಂಕ ಮೂಟೆ ಹೊರದೇ ಸಾಕಾಯ್ತದೆ" ಅಂದ್ರು. ಇಷ್ಟು ವರ್ಷ ಆ ಮೂಟೆಗಳನ್ನ ನಾನೂ ಹೊತ್ತಿದ್ದೀನಿ!

ಗೈಡ್‌ಗೆ ಎಲ್ಲ ಹೇಳಿ ಬೈಸಿಕೊಂಡಿದ್ದಾಯ್ತು. ಕ್ಯಾಡ್ ಇನ್ನೂ ತೆರೆದಿಲ್ಲ. ಈ ಶನಿವಾರ ಹಲಗೆಗೊಂದು ಹಳೇ ಸೈಕಲ್ ಚಕ್ರ ಕಟ್ಟಿ, ಗಿಡದ ಸಾಲಿನ ನಡುವೆ ಮೂಟೆ ಇಟ್ಟು ತಳ್ಳಿ ನೋಡ್ತೀವಿ. ಅವ್ವ ಬೇಡ ಅಂದ್ರೆ ಅಲ್ಲೇ ಬಿಚ್ಚಿ ಬರ್ತೀವಿ.