ಶಿಕಾಗೊದಿಂದ ಅಣ್ಣನಿಗೆ: ಇವತ್ತು ಎಸೆಯುವವರು ಯಾರು?

ಶಿಕಾಗೊ

ಪ್ರೀತಿಯ ಅಣ್ಣನಿಗೆ,

  ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೆಂದು ಕೇಳಿ ಸಮಾಧಾನವಾಯಿತು.

ಬೇಸ್‌ಬಾಲ್‌ನಲ್ಲಿ ಟಾಸೂ ಇಲ್ಲ, ಪಿಚ್ ರಿಪೋರ್ಟೂ ಇಲ್ಲ, ಮತ್ತೆ ಏನು ನೋಡಿ ಗೆಲ್ಲುವವರನ್ನು ಊಹಿಸುತ್ತಾರೆ ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ. ಮೊದಲು ನೋಡುವುದು ಪಿಚರ್‌ನನ್ನು. ನಮ್ಮ ಕ್ರಿಕೆಟ್‌ನಲ್ಲಿ ಆರು ಎಸೆತಕ್ಕೆ ಬೌಲರ್ ಬದಲಾಗಲೇಬೇಕು. ಇಲ್ಲಿ ಆಟ ಶುರುಮಾಡಿದ ಪಿಚರ್ ಒಂಬತ್ತರಲ್ಲಿ ಐದಾರು ಇನಿಂಗ್ಸ್ ಒಬ್ಬನೇ ಎಸೆಯುತ್ತಾನೆ, ಆಮೇಲೆ ನಾಲ್ಕೈದು ದಿನ ಅವನಿಗೆ ವಿಶ್ರಾಂತಿ. ಹಾಗಾಗಿ ತಂಡಕ್ಕೆ ಐವರು ಸರದಿಯ ಮೇಲೆ ಬರುತ್ತಾರೆ. ನಿನ್ನೆ ಹೀನಾಯವಾಗಿ ಸೋತ ತಂಡ ಇವತ್ತು ಬೇರೆಯೇ ತಂಡದ ಹಾಗೆ ಕಾಣುವುದು ಇದೇ ಕಾರಣಕ್ಕೆ. ಎರಡೂ ಕಡೆ ಇವತ್ತು ಯಾರ ಸರದಿ ಎಂಬುದು ಮೊದಲೇ ಪ್ರಕಟವಾಗಿರುತ್ತದೆ.

ಮೊನ್ನೆ ರಿಗ್ಲಿ ಫೀಲ್ಡಿಗೆ ಹೋಗಿದ್ದೆವು. 1914ರ ಮೈದಾನ. ಹಿಂದಿನ ಗೋಡೆಯ ತುಂಬ ಬಳ್ಳಿ, ಅದರ ಮೇಲೆ 1937ರಲ್ಲಿ ಕಟ್ಟಿದ ಹಸಿರು ಸ್ಕೋರ್‌ಬೋರ್ಡ್. ಒಳಗೆ ಕುಳಿತವರು ಇಂದಿಗೂ ತಗಡಿನ ಅಂಕಿಗಳನ್ನು ಕೈಯಿಂದಲೇ ಬದಲಾಯಿಸುತ್ತಾರೆ. ಬೇರೆ ಊರುಗಳಲ್ಲಿ ನಡೆಯುತ್ತಿರುವ ಪಂದ್ಯಗಳೂ ಅದರಲ್ಲಿರುತ್ತವೆ. ತಂಡದ ಹೆಸರಿನ ಪಕ್ಕ ಒಂದು ನಂಬರ್ ಕಂಡಿತು. ರನ್ ಇರಬೇಕೆಂದುಕೊಳ್ಳುವಷ್ಟರಲ್ಲಿ, ಪೆನ್ಸಿಲ್ ಹಿಡಿದು ಪ್ರತಿ ಚೆಂಡನ್ನೂ ಬರೆದುಕೊಳ್ಳುತ್ತಿದ್ದ ಪಕ್ಕದ ಹಿರಿಯರು ಹೇಳಿದರು: ಅದು ಈಗ ಎಸೆಯುತ್ತಿರುವ ಪಿಚರ್‌ನ ಅಂಗಿಯ ನಂಬರ್. ಆ ನಂಬರ್ ಬದಲಾದರೆ ಆ ಊರಿನ ಪಂದ್ಯದ ದಿಕ್ಕೂ ಬದಲಾಯಿತೆಂದೇ ಲೆಕ್ಕವಂತೆ.

ಪಂದ್ಯದ ಗೆಲುವು ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೂ ಬರೆಯುತ್ತಾರೆ; ಆ ಲೆಕ್ಕ ನೋಡಿ ಊಹಿಸಹೊರಟರೆ ಕೆಟ್ಟೆ ಎಂದೇ ತಿಳಿ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಒಂಬತ್ತು ಇನಿಂಗ್ಸಿಗೆ ಸರಾಸರಿ ಕೊಟ್ಟದ್ದು ಬರೀ 1.70 ರನ್. ಆ ವರ್ಷದ ಶ್ರೇಷ್ಠ ಪಿಚರ್ ಪ್ರಶಸ್ತಿ, ಅಂದರೆ ಸೈ ಯಂಗ್ ಪ್ರಶಸ್ತಿ, ಅವನಿಗೇ ಬಂತು. ಆದರೆ ಅವನ ಖಾತೆಯಲ್ಲಿದ್ದದ್ದು 10 ಗೆಲುವು, 9 ಸೋಲು. ಅವನು ಶುರುಮಾಡಿದ 32 ಪಂದ್ಯಗಳಲ್ಲಿ ಮೆಟ್ಸ್ ಗೆದ್ದದ್ದು 14 ಮಾತ್ರ. ಅವನವರು ಬ್ಯಾಟ್ ಬೀಸಿ ರನ್ ತಂದುಕೊಡಲಿಲ್ಲ. 1972ರಲ್ಲಿ ಇದರ ತದ್ವಿರುದ್ಧ ನಡೆದಿತ್ತು. ಇಡೀ ವರ್ಷ 59 ಪಂದ್ಯ ಮಾತ್ರ ಗೆದ್ದ ಫಿಲಡೆಲ್ಫಿಯಾ ತಂಡಕ್ಕೆ ಅದರಲ್ಲಿ 27 ಗೆದ್ದುಕೊಟ್ಟವನು ಸ್ಟೀವ್ ಕಾರ್ಲ್‌ಟನ್ ಒಬ್ಬನೇ! ಅಂಥವನು ಯುಗಕ್ಕೊಬ್ಬ.

ನಾನಾದರೆ ಎರಡು ಅಂಕಿ ನೋಡುತ್ತೇನೆ: ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ (ಅಂದರೆ ಚೆಂಡನ್ನು ಮುಂದಕ್ಕೆ ಹೊಡೆಯಗೊಡದೆ ತಾನೇ ಔಟ್ ಮಾಡಿದ), ನಾಲ್ಕು ಕೆಟ್ಟ ಚೆಂಡೆಸೆದು ಎಷ್ಟು ಜನರಿಗೆ ಪುಕ್ಕಟೆ ಬೇಸ್ ಕೊಟ್ಟ. ಬ್ಯಾಟಿಗೆ ತಗುಲಿದ ಚೆಂಡು ಫೀಲ್ಡರ್ ಪಾಲು, ಅದೃಷ್ಟದ ಪಾಲು. ಈ ಎರಡು ಮಾತ್ರ ಹೆಚ್ಚುಕಡಿಮೆ ಅವನ ಕೈಯಲ್ಲಿರುವಂಥವು. ಎಡಗೈ ಪಿಚರ್‌ಗೆ ಎದುರಾಳಿಗಳಲ್ಲಿ ಬಲಗೈ ಬ್ಯಾಟರ್‌ಗಳೇ ತುಂಬಿದ್ದರೆ ಕಷ್ಟ, ಅದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಂತೂ ಗಾಳಿಯನ್ನೂ ನೋಡಬೇಕು. ಮಿಷಿಗನ್ ಸರೋವರದ ಕಡೆಯಿಂದ ಒಳಕ್ಕೆ ಬೀಸಿದರೆ ಪಿಚರ್‌ಗೆ ಅನುಕೂಲ, ಹೊರಕ್ಕೆ ಬೀಸಿದರೆ ಸಾಧಾರಣ ಹೊಡೆತವೂ ಗೋಡೆ ದಾಟುತ್ತದೆ.

ಇಷ್ಟೆಲ್ಲ ನೋಡಿದರೂ ಅರ್ಧ ಪಂದ್ಯ ಬಾಕಿ ಉಳಿಯುತ್ತದೆ. ಒಬ್ಬನೇ ಪಿಚರ್‌ನನ್ನು ಮೂರನೆಯ ಸಲ ಎದುರಿಸುವಾಗ ಬ್ಯಾಟರ್‌ಗೆ ಅವನ ವರಸೆ ತಿಳಿದಿರುತ್ತದೆ; ಅದಕ್ಕೇ ಈಗ ಬೇಗ ಇಳಿಸಿಬಿಡುತ್ತಾರೆ. 2020ರ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ. ತಂಡ 1-0 ಮುಂದಿತ್ತು. ಆರನೆಯ ಇನಿಂಗ್ಸ್‌ನಲ್ಲಿ ಅವನನ್ನು ಇಳಿಸಿದರು. ಅದೇ ಇನಿಂಗ್ಸ್‌ನಲ್ಲಿ ಎದುರಾಳಿ ಡಾಡ್ಜರ್ಸ್ ಎರಡು ರನ್ ತೆಗೆದು, ಕೊನೆಗೆ 3-1ರಿಂದ ಗೆದ್ದು ಕಪ್ಪನ್ನೂ ಒಯ್ದರು. ಹಾಗೆ ಎಸೆಯುತ್ತಿದ್ದವನನ್ನು ಇಳಿಸಬಾರದಿತ್ತೆಂದೇ ನನ್ನ ಅಭಿಪ್ರಾಯ.

ವರ್ಷಕ್ಕೆ 162 ಪಂದ್ಯ. ಅದರಲ್ಲಿ 100 ಗೆದ್ದದ್ದು ಬಲಿಷ್ಠ ತಂಡ. ಅದಕ್ಕೂ 62 ಸೋಲು. ಅಕ್ಟೋಬರಿನಲ್ಲಿ ವರ್ಲ್ಡ್ ಸೀರೀಸ್ ನಿನಗೆ ಬೆಳಗಿನ ಕಾಫಿ ಹೊತ್ತಿಗೇ ಬರುತ್ತದೆ, ತಪ್ಪದೆ ನೋಡು. ಶುರುಮಾಡುವ ಇಬ್ಬರನ್ನು ತೂಗಿ ಆರನೆಯ ಇನಿಂಗ್ಸ್‌ವರೆಗೆ ಯಾರು ಮುಂದಿರುತ್ತಾರೆಂದು ಹೇಳು. ಅಲ್ಲಿಂದ ಮುಂದಕ್ಕೆ ಹಿಂದಿನ ರಾತ್ರಿ ಯಾರ ಬುಲ್‌ಪೆನ್, ಅಂದರೆ ಆಮೇಲೆ ಬಂದು ಎಸೆಯುವ ಪಿಚರ್‌ಗಳ ಗುಂಪು, ಹೆಚ್ಚು ದಣಿದಿದೆ ಎಂದು ನೋಡಿಕೊಂಡು ಹೇಳು. ನಿನ್ನ ಊಹೆಯನ್ನು ಪಂದ್ಯಕ್ಕೆ ಮೊದಲೇ ನನಗೆ ಬರೆದು ಕಳಿಸು.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ